ಚಿಲ್ಲರೆ ಬಿಲ್ಲೆಗಳು: ಕೂಡಿಡೋಣ, ಬೆಲೆ ತಿಳಿಯೋಣ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಷೇರು ಎಷ್ಟು, ಠೇವಣಿ ಎಷ್ಟು, ಸಾಲ ಎಷ್ಟು ಎಂಬುದು ತಮಗೆಲ್ಲ ತಿಳಿಯಿತು. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ, ಮಾಡುವುದು ಬೇಸಾಯ. ದೊಡ್ಡ ಹಣದ ವಿಚಾರ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾವು ಚಿಲ್ಲರೆ ಹಣದ ವಿಚಾರ ನಾಲ್ಕು ಮಾತು ಹೇಳುತ್ತೇವೆ.

ನಮ್ಮ ವಾರಿಗೆಯವರಿಗೆ ನೆನಪಿರಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಸಂತೆಗೆ ಹೋದರೂ ಒಂದೇ ಮಾತು: "ಚಿಲ್ಲರೆ ಇಲ್ಲ ಕಣ್ರೀ." ನಾಲ್ಕಾಣೆ ಬದಲು ಪೆಪ್ಪರಮೆಂಟು. ಬಸ್ಸಿನಲ್ಲಿ ಕಂಡಕ್ಟರು ಟಿಕೀಟಿನ ಹಿಂದೆ ಬಾಕಿ ಬರೆದುಕೊಡುವರು, ಇಳಿಯುವಾಗ ಮರೆತರೆ ಹೋಯಿತು. ಅಂಗಡಿಯವರು ರಟ್ಟಿನ ತುಂಡಿಗೆ ಮೊಹರು ಹಾಕಿ "ಮುಂದಿನ ವಾರ ತನ್ನಿ" ಅನ್ನುವರು. ಹೋಟೆಲಿನಲ್ಲಿ ತಗಡಿನ ಬಿಲ್ಲೆ, ಗಿರಣಿಯಲ್ಲಿ ನಂಬರಿನ ಬಿಲ್ಲೆ. ಆ ಅಂಗಡಿಯ ಮೇಲೆ ನಂಬಿಕೆ ಇರುವ ತನಕ ಆ ತುಂಡೂ ಒಂದು ದುಡ್ಡೇ.

ಇದು ನಮ್ಮೂರಿನಲ್ಲಿ ಹುಟ್ಟಿದ ಉಪಾಯ ಅಂತ ತಿಳಿಯಬೇಡಿ. ಇಂಗ್ಲೆಂಡಿನಲ್ಲಿ 1648ರಿಂದ 1672ರವರೆಗೆ ಊರೂರಿನ ವ್ಯಾಪಾರಸ್ಥರು ತಮ್ಮ ಹೆಸರು, ಊರು, ಕಸುಬಿನ ಗುರುತು ಹಾಕಿ ಬಿಲ್ಲೆ ಹೊಡೆಸಿದರು. ಸರ್ಕಾರವೇ ತಾಮ್ರದ ನಾಣ್ಯ ಕೊಟ್ಟ ಮೇಲೆ ಅವು ನಿಂತವು. ಮತ್ತೆ ಚಿಲ್ಲರೆಗೆ ಬರ ಬಂದಾಗ 1787ರಲ್ಲಿ ಒಂದು ತಾಮ್ರದ ಗಣಿ ಕಂಪನಿಯಿಂದ ಶುರುವಾಗಿ ಮತ್ತೆ ಹುಟ್ಟಿಕೊಂಡವು. ನಮ್ಮ ದೇಶದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಲೋಹ ಉಳಿಸಲು ನಡುವೆ ತೂತಿರುವ ಕಾಸು ಬಂತು. ಮೋರ್ವಿ, ನವಾನಗರದಂಥ ಸಂಸ್ಥಾನಗಳು ರಟ್ಟಿನ ಕೂಪನ್ನೇ ಹಂಚಿದವು. ಈಚೆಗೆ 2007ರಲ್ಲೂ ಅಸ್ಸಾಮಿನ ಚಹಾ ತೋಟದಲ್ಲಿ ಕೂಲಿಯವರಿಗೆ ಚಿಲ್ಲರೆ ಬದಲು ರಟ್ಟಿನ ಚೀಟಿ ಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಾಣ್ಯ ಕರಗಿಸಿ ಬ್ಲೇಡು ಮಾಡುತ್ತಾರೆ, ಅದಕ್ಕೇ ಈ ಬರ ಎಂದು ಆಗ ಹೇಳಿದ್ದರು. ದೊಡ್ಡ ನೋಟಿಲ್ಲದೆ ಸಂತೆ ನಡೆದೀತು, ಚಿಲ್ಲರೆ ಇಲ್ಲದೆ ನಡೆಯದು.

ಈಗ ಸೊಪ್ಪು ಮಾರುವ ಅಜ್ಜಿಯ ಮುಂದೆಯೂ ಫೋನಿಗೆ ತೋರಿಸುವ ಕೋಡಿನ ಹಲಗೆ ಇದೆ. ಚಿಲ್ಲರೆ ಜಗಳ ಮುಗಿಯಿತು, ಸಂತೋಷ. ಆದರೆ ಹಳೇ ಬಿಲ್ಲೆಗಳೆಲ್ಲ ಗುಜರಿಯವನ ತಕ್ಕಡಿಗೆ ಬೀಳುತ್ತಿವೆ. ಒಂದು ಬೀಗದ ಕೈ, ನಾಲ್ಕು ಬಿಲ್ಲೆ, ಒಡೆದ ತಂಬಿಗೆ, ಎಲ್ಲಕ್ಕೂ ಸೇರಿ ಅರ್ಧ ಕೆಜಿ ಈರುಳ್ಳಿ. ಅದರ ಜೊತೆ ನಮ್ಮ ಕಡೆಯ ವ್ಯಾಪಾರದ ಚರಿತ್ರೆಯೂ ಹೋಗುತ್ತದೆ.

ಬಿಲ್ಲೆಯ ಮೇಲೆ ಇಸವಿ ಇರುವುದಿಲ್ಲ, ಅದರ ಕಾಲ ಹೇಗೆ ತಿಳಿಯುವುದು? ಅಕ್ಷರ ನೋಡಿ. ಆಣೆ ಎಂದು ಬರೆದಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕೆ ಹಿಂದಿನದು. ಅಂದೇ ರೂಪಾಯಿಗೆ ನೂರು ಪೈಸೆ ಆಯಿತು. ಆದರೆ ನಾವು ಈಗಲೂ ನಾಲ್ಕಾಣೆ, ಎಂಟಾಣೆ ಅನ್ನುವವರು, ಆದ್ದರಿಂದ ಅದೊಂದನ್ನೇ ನಂಬಬೇಡಿ. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ಒಳಗಿನದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರಿಗೆ ಹಿಂದಿನದು. ಪಿನ್ ಕೋಡ್ ಇದ್ದರೆ 1972ರ ಈಚಿನದು. ಚನ್ನಗಿರಿ, ಹೊನ್ನಾಳಿ ಹೆಸರಿನ ಮುಂದೆ ಶಿವಮೊಗ್ಗ ಜಿಲ್ಲೆ, ಜಗಳೂರಿನ ಮುಂದೆ ಚಿತ್ರದುರ್ಗ ಜಿಲ್ಲೆ ಎಂದಿದ್ದರೆ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವುದಕ್ಕೆ ಮೊದಲಿನದು. ನ್ಯಾಮತಿ ತಾಲ್ಲೂಕು ಎಂದಿದ್ದರೆ ತೀರಾ ಹೊಸದು.

ಇನ್ನು ಬೆಲೆಯ ಮಾತು. ಬಿಲ್ಲೆಗೆ ಮೂರು ಬೆಲೆ. ಒಂದು, ಲೋಹದ ತೂಕದ ಬೆಲೆ, ಅದು ಅಲ್ಪ. ಎರಡು, ಸಂಗ್ರಹಕಾರರ ಬೆಲೆ. ಅಂಥವು ಎಷ್ಟು ಉಳಿದಿವೆ, ಅಕ್ಷರ ಎಷ್ಟು ಸವೆದಿದೆ, ಊರಿನ ಹೆಸರು ಇದೆಯೋ, ಕೇಳುವವರು ಇದ್ದಾರೋ, ಇವುಗಳ ಮೇಲೆ ಅದು ನಿಂತಿದೆ. ಹಳೆಯದು ಎಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಟಿಪ್ಪುವಿನ ಆನೆಯ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡದಲ್ಲಿ "ಮಯಿಲಿ ಕಾಸು" ಎಂದಿರುವ ತಾಮ್ರದ ಕಾಸು, ಇವು ಬಹಳ ಹಳೆಯವು. ಆದರೂ ಸವೆದು ಹೋದದ್ದಕ್ಕೆ ದೊಡ್ಡ ಮೊತ್ತ ಬರುವುದಿಲ್ಲ. ದೇವರ ಮನೆಯ ರಾಮಟೆಂಕಿಯಂತೂ ಚಲಾವಣೆಯ ನಾಣ್ಯವೇ ಅಲ್ಲ, ಪೂಜೆಯದು. ಹೊಸದಾಗಿ ಮಾಡಿದವೂ ಬಹಳ. ಮೂರನೆಯದು ಊರಿನ ಬೆಲೆ. ಈ ಬಿಲ್ಲೆ ಯಾವ ಅಂಗಡಿಯದು, ಎಷ್ಟು ಚಹಾಕ್ಕೆ ನಡೆಯುತ್ತಿತ್ತು ಎಂದು ಹೇಳುವ ಹಿರಿಯರು ಇದ್ದಾಗಲೇ ಅದನ್ನು ಬರೆದುಕೊಳ್ಳಬೇಕು. ಅವರು ಹೋದ ಮೇಲೆ ಅದು ಬರೀ ತಗಡು.

ಸದಸ್ಯ ಬಾಂಧವರೇ, ಈ ಮಾತು ಗಟ್ಟಿಯಾಗಿ ಕೇಳ್ರಿ. "ನಿಮ್ಮ ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ" ಅಂತ ಫೋನು ಬರುತ್ತವೆ. ನಮ್ಮ ಪರಿಚಯದ ರೈತರೊಬ್ಬರಿಗೆ ಹೀಗೇ ಬಂತು. ಮೊದಲು ನೋಂದಣಿ ಫೀಜು ಅಂದರು, ಆಮೇಲೆ ತೆರಿಗೆ ಅಂದರು, ಕೊನೆಗೆ ಫೋನೇ ಎತ್ತಲಿಲ್ಲ. ಬೀಜಕ್ಕೆ ಇಟ್ಟಿದ್ದ ದುಡ್ಡು ಹೋಯಿತು. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಸ್ಪಷ್ಟವಾಗಿ ಹೇಳಿದೆ: ನಾವು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ನಮ್ಮ ಹೆಸರಿನಲ್ಲಿ ಕಮಿಷನ್ ವಸೂಲಿ ಮಾಡಲು ಅಧಿಕಾರ ಕೊಟ್ಟಿಲ್ಲ ಎಂದು. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಅಡಿಕೆ ಮಾರುವಾಗ ನಾವು ವ್ಯಾಪಾರಿಗೆ ಮುಂಗಡ ಕೊಡುತ್ತೇವೆಯೇ? ಇದೂ ಹಾಗೆಯೇ.

ಕಾನೂನೂ ತಿಳಿದಿರಲಿ. ಖಾಸಗಿಯವರು ಲೋಹದ ತುಂಡನ್ನು ಹಣದಂತೆ ಚಲಾಯಿಸುವುದನ್ನು 1889ರ ಕಾಯ್ದೆಯೇ ತಡೆದಿತ್ತು, ಈಗ 2011ರ ನಾಣ್ಯ ಕಾಯ್ದೆಯಲ್ಲಿಯೂ ಅದು ಅಪರಾಧವೇ. ನೆನಪಿಗೆಂದು ಕೂಡಿಡುವುದು ಬೇರೆ, ಚಲಾಯಿಸಲು ಇಟ್ಟುಕೊಳ್ಳುವುದು ಬೇರೆ. ಉಳುವಾಗ ಹೊಲದಲ್ಲಿ ಗಡಿಗೆ, ನಾಣ್ಯ ಸಿಕ್ಕರೆ ಅದು ನಿಧಿ, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಬಚ್ಚಿಟ್ಟರೆ ತೊಂದರೆ ನಮಗೇ.

ಮನೆಯಲ್ಲಿ ಬಿಲ್ಲೆ ಇದ್ದರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ತಾಯಂದಿರಲ್ಲಿ ಇದು ವಿಶೇಷ ವಿನಂತಿ. ಹೊಳಪು ಬಂದರೆ ಅಕ್ಷರ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಒಂದೊಂದನ್ನೂ ಬೇರೆ ಕಾಗದದ ಕವರಿನಲ್ಲಿ ಇಡಿ. ಕವರಿನ ಮೇಲೆ ಸಿಕ್ಕ ಜಾಗ, ಕೊಟ್ಟವರು, ತೂಕ ಬರೆಯಿರಿ. ಬಿಲ್ಲೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತದೆ, ಶಾಲೆಯ ಮಕ್ಕಳೂ ಮಾಡಬಹುದು.

ಉಡುಪಿಯಲ್ಲಿ 1906ರಲ್ಲಿ ಬ್ಯಾಂಕು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ನಾಣ್ಯಗಳ ಸಂಗ್ರಹಾಲಯ ಆಗಿದೆ. ಅಷ್ಟು ದೊಡ್ಡದು ನಮ್ಮಿಂದ ಆಗದು. ನಮ್ಮ ಸಂಘದಲ್ಲಿ ಒಂದು ಗಾಜಿನ ಕಪಾಟು, ಒಂದು ರಿಜಿಸ್ಟರು ಆದರೆ ಸಾಕು. ಬಂಗಾರ ತೂಗುವ ತಕ್ಕಡಿ ಇದ್ದೇ ಇದೆ. ಸದಸ್ಯರು ತಂದ ಬಿಲ್ಲೆಯನ್ನು ತೂಗಿ, ಬರೆದು, ರಸೀತಿ ಕೊಟ್ಟು ಇಡೋಣ. ಮಾಲೀಕತ್ವ ಅವರದೇ, ಕೇಳಿದ ದಿನ ವಾಪಸ್ಸು. ಮಾರಬೇಕೆಂದರೆ ಇಬ್ಬರು ಮೂವರು ಬಲ್ಲವರನ್ನು ಕೇಳಿ ದರ ತಿಳಿದ ಮೇಲೆಯೇ ಮಾರಲಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ಇಡಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ.

ಅಂಗಡಿಯವನ ತಗಡನ್ನು ಜನ ದುಡ್ಡೆಂದು ಒಪ್ಪಿದ್ದು ನಂಬಿಕೆಯಿಂದ. ನಮ್ಮ ಪಾಸ್‌ಬುಕ್ಕಿನ ಕಾಗದವೂ ಅದೇ ನಂಬಿಕೆಯ ಮೇಲೆ ನಿಂತಿದೆ. ಅದನ್ನು ಉಳಿಸಿಕೊಳ್ಳುವುದು ನಮ್ಮ ನಿಮ್ಮೆಲ್ಲರ ಕೆಲಸ. 

ಜೈ ಹಿಂದ್, ಜೈ ಕರ್ನಾಟಕ.