ಅಣಬೆ ತೋರುವ ಬೇರು



ಮುಂಗಾರಿನ ಮೊದಲ ಮಳೆಗಳಾದೊಡನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಅಣಬೆ ಹುಡುಕುವುದು ಹಳೆಯ ರೂಢಿ. ಜನ ಚೆನ್ನಾಗಿ ಬಲ್ಲದ್ದು ಹುತ್ತದ ಅಣಬೆ. ಅದನ್ನು ಮಣ್ಣಿನೊಳಗೆ ಸಾಕುವುದು ಗೆದ್ದಲು. ಅದರ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತಹ ಪದರಗಳಿರುತ್ತವೆ.

ಬೊಲೀಟ್ ಎಂಬ ಅಣಬೆಯ ಗುಂಪು ಇದಕ್ಕಿಂತ ಭಿನ್ನ. ಅದರ ಕೊಡೆಯ ಅಡಿಯಲ್ಲಿ ಸ್ಪಂಜಿನಂತೆ ಒತ್ತೊತ್ತಾದ ರಂಧ್ರಗಳಿರುತ್ತವೆ. ಕೆಲವು ಜಾತಿಗಳನ್ನು ಮುರಿದಾಗ ತಿರುಳು ಗಾಳಿ ಸೋಕಿ ನೀಲಿಯಾಗುತ್ತದೆ. ಬೊಲೀಟ್‌ಗಳಲ್ಲಿ ಬಹುಪಾಲು ಜೀವಂತ ಮರದ ಬೇರನ್ನು ಆಶ್ರಯಿಸಿ ಬಾಳುತ್ತವೆ. ಅವುಗಳ ಎಳೆಗಳು ಕಿರುಬೇರಿನ ತುದಿಯನ್ನು ಕವಚದಂತೆ ಹೊದ್ದು, ಮಣ್ಣಿನಿಂದ ನೀರು, ರಂಜಕ, ಸಾರಜನಕಗಳನ್ನು ಮರಕ್ಕೆ ತಲುಪಿಸುತ್ತವೆ. ಮರ ಪ್ರತಿಯಾಗಿ ಸಕ್ಕರೆಯನ್ನು ನೀಡುತ್ತದೆ. ಮರ ಉರುಳಿದರೆ ಈ ಕೊಡುಕೊಳೆಯೂ ಮುಗಿಯುತ್ತದೆ.

ಆದರೆ ಎಲ್ಲ ಮರಗಳೂ ಈ ನಂಟನ್ನು ಬೆಳೆಸುವುದಿಲ್ಲ. ಪಶ್ಚಿಮಘಟ್ಟದ ಧೂಪ, ಹಿಮಾಲಯದ ಪೈನ್ ಮತ್ತು ಓಕ್ ಬೆಳೆಸುತ್ತವೆ. ಸಾವನದುರ್ಗ, ರಾಮದೇವರಬೆಟ್ಟಗಳಂತಹ ಒಣ ನಾಡಿನ ಹೊಂಗೆ, ಹುಣಸೆ, ಬೇವುಗಳ ಬೇರಿನೊಳಗಿರುವುದು ಬೇರೆ ಬಗೆಯ ಶಿಲೀಂಧ್ರ. ಅದು ಕೊಡೆಯನ್ನೇ ಎತ್ತುವುದಿಲ್ಲ. ಆದಕಾರಣ ಇಂತಹ ಮರಗಳ ನಡುವೆ ಬೊಲೀಟ್ ಅಪರೂಪವಾಗಿರುವುದು ಸಹಜ.

ನೀಲಗಿರಿ ತೋಪಿನ ಕಥೆ ಬೇರೆ. ನೀಲಗಿರಿ ಆಸ್ಟ್ರೇಲಿಯಾದ ಮರ. ಅದರ ಬೇರಿನೊಡನೆ ಬಾಳುವ ಪೈಸೊಲಿಥಸ್ ಎಂಬ ಉಂಡೆಯಾಕಾರದ ಅಣಬೆ ಬೊಲೀಟ್‌ನ ದಾಯಾದಿ. ಮರ ಹೋದೆಡೆಗೆಲ್ಲ ಅದೂ ಹೋಗಿದೆ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಚರ್ಚೆಯಾದುದು ಅಂತರ್ಜಲ. ಮಣ್ಣಿನೊಳಗಿನ ಈ ಬದಲಾವಣೆಯೂ ಅಷ್ಟೇ ಗಮನಾರ್ಹ. ಸಸಿಯನ್ನು ಆರಿಸುವವರು ಅದರೊಡನೆ ಮಣ್ಣಿನ ಜೀವಿಗಳನ್ನೂ ಆರಿಸುತ್ತಾರೆ. ಗುಡ್ಡದ ಮೇಲೆ ಹಸಿರು ಕಂಡ ಮಾತ್ರಕ್ಕೆ ಕಾಡು ಮರಳಿತೆನ್ನಲಾಗದು.

ಒಂದು ಎಚ್ಚರಿಕೆಯ ಮಾತು. ಬೊಲೀಟ್‌ಗಳಲ್ಲಿ ತಿನ್ನತಕ್ಕವೂ ಇವೆ, ವಿಷದವೂ ಇವೆ. ಹುಳು ತಿಂದಿದೆ, ಬೆಳ್ಳಿ ಕಪ್ಪಾಗಲಿಲ್ಲ ಎಂಬ ಪರೀಕ್ಷೆಗಳು ನಂಬಲರ್ಹವಲ್ಲ. ಕೆಲವು ಅಣಬೆಗಳ ವಿಷ ಬೇಯಿಸಿದರೂ ಅಳಿಯದು. ಬಲ್ಲವರು ಖಚಿತವಾಗಿ ಗುರುತಿಸದ ಅಣಬೆ ಒಲೆಯ ಮೇಲೇರಬಾರದು.

ವಿದ್ಯಾರ್ಥಿಗಳು ಬರುವ ಮಳೆಗಾಲದಲ್ಲಿ ಅಣಬೆಯನ್ನು ಕೀಳದೆಯೇ ಗಮನಿಸಲಿ. ಕೊಡೆಯ ಕೆಳಗೆ ಪುಟ್ಟ ಕನ್ನಡಿ ಹಿಡಿದರೆ ಪದರವೋ ರಂಧ್ರವೋ ತಿಳಿಯುತ್ತದೆ. ದಿನಾಂಕ, ಸ್ಥಳ, ಪಕ್ಕದ ಮರದ ಹೆಸರುಗಳನ್ನು ಬರೆದಿಡಲಿ. ನಾಲ್ಕೂ ತಾಲ್ಲೂಕುಗಳ ಇಂತಹ ಪಟ್ಟಿ ಸಿದ್ಧವಾದರೆ, ಯಾವ ಗುಡ್ಡದಲ್ಲಿ ಯಾವ ಸಸಿ ಎಂಬುದನ್ನು ಗ್ರಾಮಸಭೆಗಳು ಆಧಾರಸಹಿತ ಚರ್ಚಿಸಬಲ್ಲವು.