ಹೊಸ ಡಿಸ್ಕು ಹಾಕಿದ ಲ್ಯಾಪ್‌ಟಾಪಿಗೆ ವಿಂಡೋಸ್ ಕೂರದಿದ್ದರೆ

(ವಲಯದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ನಾನು ಬೀಜದ ಮಾತನ್ನಾಗಲಿ ಗೊಬ್ಬರದ ಮಾತನ್ನಾಗಲಿ ಆಡಲು ನಿಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಈಗ ಲ್ಯಾಪ್‌ಟಾಪಿಗೂ ಒಂದು ಜಾಗವಾಗಿದೆ. ಹಾಲಿನ ಸಂಘದ ಲೆಕ್ಕ ಅದರಲ್ಲಿದೆ. ಸ್ವಸಹಾಯ ಸಂಘದ ಸಾಲದ ಪಟ್ಟಿ ಅದರಲ್ಲಿದೆ. ಕಾಲೇಜಿಗೆ ಹೋಗುವ ಮಗಳ ಪಾಠವೂ ಅದರಲ್ಲಿದೆ. ಕೆಲವು ವರ್ಷ ದುಡಿದ ಮೇಲೆ ಅದರ ಹಾರ್ಡ್ ಡಿಸ್ಕು ಸೋಲುತ್ತದೆ. ಯಂತ್ರ ಏಳಲು ಕಾಲು ಗಂಟೆ ಹಿಡಿಯುತ್ತದೆ, ಒಳಗಿನಿಂದ ಕಟಕಟ ಸದ್ದು ಬರುತ್ತದೆ, ಒಂದು ದಿನ ಏಳುವುದೇ ಇಲ್ಲ. ಆಗ ಪೇಟೆಯಿಂದ ಹೊಸ ಡಿಸ್ಕು ತಂದು ಹಾಕುತ್ತೇವೆ. ಈಗ ಹೆಚ್ಚಾಗಿ ತರುವುದು ಎಸ್‌ಎಸ್‌ಡಿ ಎಂಬ ಹೊಸ ಜಾತಿಯದು.

ತೊಡಕು ಅಲ್ಲಿಂದ ಮುಂದೆ. ವಿಂಡೋಸ್ ಹಾಕಲು ಕುಳಿತರೆ ಕೆಲಸ ಒಂದಲ್ಲ ಒಂದು ಕಡೆ ನಿಂತುಬಿಡುತ್ತದೆ. ಡಿಸ್ಕೇ ಕೆಟ್ಟದ್ದೆಂದು ಅಂಗಡಿಯವರೊಡನೆ ಜಗಳವಾಡುವವರುಂಟು. ಲ್ಯಾಪ್‌ಟಾಪಿನ ಆಯಸ್ಸು ಮುಗಿಯಿತೆಂದು ಮೂಲೆಗೆ ಹಾಕುವವರೂ ಉಂಟು. ಬಹಳ ಸಲ ಎರಡೂ ಸರಿಯಾಗಿಯೇ ಇರುತ್ತವೆ.

ನಿಮಗೆ ಗೊತ್ತಿರುವ ಮಾತಿನಿಂದಲೇ ಹೇಳುತ್ತೇನೆ. ಪೈರು ಹಳದಿಯಾಯಿತು ಎಂದರೆ ಸಾಲದು. ಹಳದಿ ಬುಡದ ಹಳೆಯ ಎಲೆಯಿಂದ ಹಿಡಿಯಿತೇ, ಸುಳಿಯ ಎಳೆ ಎಲೆಯಿಂದ ಹಿಡಿಯಿತೇ ಎಂದು ನೋಡಬೇಕು. ಬುಡದಿಂದ ಹಿಡಿದರೆ ಸಾರಜನಕದ ಕೊರತೆ ಇರಬಹುದು. ಸುಳಿಯಿಂದ ಹಿಡಿದರೆ ಕಬ್ಬಿಣದ ಕೊರತೆ ಇರಬಹುದು. ಬಣ್ಣ ಒಂದೇ, ಮದ್ದು ಬೇರೆ. ಲ್ಯಾಪ್‌ಟಾಪಿನದೂ ಹಾಗೆಯೇ. "ವಿಂಡೋಸ್ ಕೂರುತ್ತಿಲ್ಲ" ಎಂಬುದು ರೋಗದ ಹೆಸರಲ್ಲ. ಕೆಲಸ ಯಾವ ಹಂತದಲ್ಲಿ ನಿಂತಿತೆಂಬುದೇ ರೋಗದ ಗುರುತು. ಆ ಹಂತಗಳನ್ನು ಒಂದೊಂದಾಗಿ ನೋಡೋಣ.

ಹಳೆಯ ಡಿಸ್ಕನ್ನು ಕಾಪಾಡಿರಿ

ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆ. ಬಿಚ್ಚಿದ ಹಳೆಯ ಡಿಸ್ಕನ್ನು ಎಸೆಯಬೇಡಿ, ಅಂಗಡಿಯಲ್ಲಿಯೂ ಬಿಟ್ಟು ಬರಬೇಡಿ. ಪಹಣಿ ಕಳೆದರೆ ಸರ್ಕಾರದ ಭೂಮಿ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ಸಂಘದ ಸದಸ್ಯರ ಲೆಕ್ಕ, ಸಭೆಯ ನಡಾವಳಿ, ಮನೆಯ ಮದುವೆಯ ಚಿತ್ರ, ಇವು ಆ ಡಿಸ್ಕಿನಲ್ಲಿ ಮಾತ್ರ ಇದ್ದರೆ ಇನ್ನೆಲ್ಲಿಯೂ ಸಿಕ್ಕವು. ಹಳೆಯ ಡಿಸ್ಕನ್ನು ಇಟ್ಟು ಯುಎಸ್‌ಬಿ ತಂತಿಯಿಂದ ಬೇರೆ ಕಂಪ್ಯೂಟರಿಗೆ ಜೋಡಿಸುವ ಸಣ್ಣ ಡಬ್ಬಿ ಅಂಗಡಿಯಲ್ಲಿ ದೊರೆಯುತ್ತದೆ. ಅದರಿಂದ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಆದರೆ ಡಿಸ್ಕು ಕಟಕಟ ಎನ್ನುತ್ತಿದ್ದರೆ ಮತ್ತೆ ಮತ್ತೆ ಓಡಿಸಬೇಡಿ. ಓಡಿಸಿದಷ್ಟೂ ಹಾನಿ ಹೆಚ್ಚು. ಅದರಲ್ಲಿ ಬೆಲೆಯುಳ್ಳ ಲೆಕ್ಕವಿದ್ದರೆ ಬಲ್ಲವರ ಕೈಗೆ ಕೊಡಿ.

ಕೆಲವು ಡಿಸ್ಕುಗಳಿಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರುತ್ತದೆ. ಬೇರೆ ಯಂತ್ರಕ್ಕೆ ಜೋಡಿಸಿದಾಗ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಆ ಲ್ಯಾಪ್‌ಟಾಪನ್ನು ಬಳಸುತ್ತಿದ್ದರೆ ಕೀಲಿಯು ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಸಿಗುತ್ತದೆ. ಆದ್ದರಿಂದ ಖಾತೆಯ ಹೆಸರು, ಗುಪ್ತಪದ ಯಾರ ಬಳಿ ಇವೆ ಎಂದು ಡಿಸ್ಕು ಬಿಚ್ಚುವ ಮೊದಲೇ ವಿಚಾರಿಸಿಕೊಳ್ಳಿ.

ಮೊದಲನೆಯ ಹಂತ: ಯಂತ್ರಕ್ಕೆ ಡಿಸ್ಕು ಕಂಡಿತೇ?

ಹೊಸ ಡಿಸ್ಕು ಹಾಕಿ ಗುಂಡಿ ಒತ್ತಿದ ಕೂಡಲೆ "ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ" ಎಂಬ ಅರ್ಥದ ಇಂಗ್ಲಿಷ್ ಬರಹ ಬರುತ್ತದೆ. ಇದಕ್ಕೆ ಹೆದರಬೇಡಿ. ಉತ್ತು ಬಿಟ್ಟ ಹೊಲದಲ್ಲಿ ಬೆಳೆ ಹುಡುಕಿದಂತಾಯಿತು. ಬಿತ್ತದೆ ಇರುವುದರಿಂದ ಬೆಳೆಯಿಲ್ಲ, ಅಷ್ಟೆ.

ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ, ಒಡನೆಯೇ ಸೆಟಪ್ ಗುಂಡಿಯನ್ನು ಬಿಡದೆ ತಟ್ಟಿರಿ. ಡೆಲ್, ಏಸರ್, ಆಸುಸ್ ಯಂತ್ರಗಳ ಹೆಚ್ಚಿನ ಮಾದರಿಗಳಲ್ಲಿ ಅದು ಎಫ್2. ಎಚ್‌ಪಿ ಯಂತ್ರದಲ್ಲಿ ಎಫ್10. ಲೆನೊವೊದಲ್ಲಿ ಎಫ್1 ಅಥವಾ ಎಫ್2. ಆಗ ಬಯೋಸ್ ಎಂಬ ಪುಟ ತೆರೆಯುತ್ತದೆ. ಅಲ್ಲಿ ಹೊಸ ಡಿಸ್ಕಿನ ಹೆಸರು ಇದೆಯೇ ನೋಡಿ. ಇದ್ದರೆ ಈ ಹಂತ ದಾಟಿತು.

ಇಲ್ಲದಿದ್ದರೆ ವಿಂಡೋಸಿನ ಗೊಡವೆಗೇ ಹೋಗಬೇಡಿ. ಯಂತ್ರ ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿಯನ್ನೂ ಕಳಚಿ, ಡಿಸ್ಕನ್ನು ಹೊರತೆಗೆದು ಮತ್ತೆ ಬಿಗಿಯಾಗಿ ಕೂರಿಸಿ. ಆದರೂ ಕಾಣದಿದ್ದರೆ ಜಾತಿ ಹೊಂದಿದೆಯೇ ಎಂದು ವಿಚಾರಿಸಿ. ಬಿಸ್ಕತ್ತಿನ ಪಟ್ಟಿಯಂತೆ ತೆಳ್ಳಗಿರುವ ಎಂ.2 ಡಿಸ್ಕುಗಳಲ್ಲಿ ಸಾಟಾ ಎಂದೊಂದು ಬಗೆ, ಎನ್‌ವಿಎಂಇ ಎಂದೊಂದು ಬಗೆ ಇದೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಕೆಲವು ಲ್ಯಾಪ್‌ಟಾಪುಗಳು ಒಂದು ಬಗೆಯನ್ನು ಮಾತ್ರ ಒಪ್ಪುತ್ತವೆ. ಆದ್ದರಿಂದ ಕೊಳ್ಳುವಾಗ ಲ್ಯಾಪ್‌ಟಾಪಿನ ಮಾದರಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಎರಡನೆಯ ಹಂತ: ಪೆನ್‌ಡ್ರೈವಿನಿಂದ ಯಂತ್ರ ಎದ್ದಿತೇ?

ವಿಂಡೋಸನ್ನು ಪೆನ್‌ಡ್ರೈವಿನಿಂದ ಹಾಕಬೇಕು. ಅದು 8 ಜಿಬಿಗೆ ಕಡಿಮೆಯಿರಬಾರದು. ಸರಿಯಾಗಿರುವ ಇನ್ನೊಂದು ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟಿನವರೇ ಉಚಿತವಾಗಿ ಕೊಡುವ ಸಾಧನದಿಂದ ಅದನ್ನು ಸಿದ್ಧಪಡಿಸಿಕೊಳ್ಳಬೇಕು. ಇಳಿಸಿಕೊಂಡ ಕಡತವನ್ನು ಹಾಗೆಯೇ ನಕಲು ಮಾಡಿ ಹಾಕಿದರೆ ಯಂತ್ರ ಏಳುವುದಿಲ್ಲ. ಸಿದ್ಧಪಡಿಸುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುತ್ತದೆ ಎಂಬುದನ್ನು ಮರೆಯಬೇಡಿ.

ಪೆನ್‌ಡ್ರೈವ್ ಸಿಕ್ಕಿಸಿ ಯಂತ್ರ ಹೊತ್ತಿಸಿದಾಗ ಡೆಲ್, ಲೆನೊವೊ, ಏಸರ್ ಆದರೆ ಎಫ್12, ಎಚ್‌ಪಿ ಆದರೆ ಎಫ್9, ಆಸುಸ್ ಆದರೆ ಎಸ್ಕೇಪ್ ಗುಂಡಿಯನ್ನು ತಟ್ಟಿರಿ. ಏಸರಿನಲ್ಲಿ ಎಫ್12 ಅನ್ನು ಬಯೋಸಿನಲ್ಲಿ ಮೊದಲು ಜಾರಿಗೆ ತರಬೇಕಾಗಬಹುದು. ಬಂದ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಕಾಣುವುದುಂಟು. ಹಿಂದೆ ಯುಇಎಫ್‌ಐ ಎಂದು ಬರೆದಿರುವುದನ್ನು ಆರಿಸಿ. ಏಕೆಂಬುದನ್ನು ನಾಲ್ಕನೆಯ ಹಂತದಲ್ಲಿ ಹೇಳುತ್ತೇನೆ. ಪೆನ್‌ಡ್ರೈವ್ ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಬೇರೆ ತೂತಿನಲ್ಲಿ ಸಿಕ್ಕಿಸಿ ನೋಡಿ, ಇಲ್ಲವೆ ಅದನ್ನು ಹೊಸದಾಗಿ ಸಿದ್ಧಪಡಿಸಿ.

ಮೂರನೆಯ ಹಂತ: ಡಿಸ್ಕುಗಳ ಪಟ್ಟಿ ಬಂದಿತೇ?

ವಿಂಡೋಸನ್ನು ಎಲ್ಲಿ ಹಾಕಬೇಕೆಂದು ಕೇಳುವ ಪುಟದಲ್ಲಿ ಪಟ್ಟಿ ಬರಿದಾಗಿದ್ದರೆ ಜನ ಬಹಳ ಗಾಬರಿಯಾಗುತ್ತಾರೆ. ಬಯೋಸಿನಲ್ಲಿ ಡಿಸ್ಕು ಕಂಡಿದೆ, ಇಲ್ಲಿ ಕಾಣುತ್ತಿಲ್ಲ ಎಂದಾದರೆ ಡಿಸ್ಕು ಕೆಟ್ಟಿಲ್ಲವೆಂದೇ ಮೊದಲು ತಿಳಿಯಿರಿ. ಇಂಟೆಲ್ 11ನೆಯ ಪೀಳಿಗೆ ಮತ್ತು ಅದರ ನಂತರದ ಪ್ರೊಸೆಸರ್ ಇರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ನಡುವಣ ವ್ಯವಸ್ಥೆ ಇದೆ. ಅದರ ಭಾಷೆ ತಿಳಿಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶವಿಲ್ಲದೆ ವಿಂಡೋಸಿಗೆ ಡಿಸ್ಕು ಕಾಣಿಸದು.

ಒಂದು ಸಂಘದವರು ಈ ಹಂತದಲ್ಲಿ ದುಡುಕಿ ಎರಡನೆಯ ಡಿಸ್ಕು ಕೊಂಡರು. ಅದೂ ಕಾಣಲಿಲ್ಲ. ಹಾಲಿನ ಬಟವಾಡೆಯ ದಿನ ಬಂದರೂ ಲೆಕ್ಕ ತೆರೆಯಲಾಗದೆ ಕಾಗದದ ಮೇಲೆಯೇ ಕೂಡಿ ಕಳೆದು ಹಣ ಹಂಚಿದರು. ಕೊನೆಗೆ ಡ್ರೈವರ್ ಹಾಕಿದ ಮೇಲೆ ಮೊದಲನೆಯ ಡಿಸ್ಕೇ ಕಾಣಿಸಿಕೊಂಡಿತು. ಎರಡನೆಯದಕ್ಕೆ ಕೊಟ್ಟ ಹಣ ದಂಡವಾಯಿತು.

ಮಾಡಬೇಕಾದುದು ಇಷ್ಟು. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ. ಅದು ಕಟ್ಟಿದ ಮೂಟೆಯಂತಿದ್ದರೆ ಬಿಚ್ಚಿಕೊಳ್ಳಿ. ಒಳಗೆ ಐಎನ್‌ಎಫ್ ಎಂದು ಕೊನೆಯಾಗುವ ಕಡತವಿರಬೇಕು. ಬಿಚ್ಚಿದುದನ್ನು ಪೆನ್‌ಡ್ರೈವಿಗೆ ಹಾಕಿ, ಬರಿದಾದ ಪಟ್ಟಿಯ ಪುಟದಲ್ಲಿ "ಲೋಡ್ ಡ್ರೈವರ್" ಎಂಬುದನ್ನು ಒತ್ತಿ ಅದನ್ನು ತೋರಿಸಿ. ಡಿಸ್ಕು ಪಟ್ಟಿಗೆ ಬರುತ್ತದೆ.

ನಾಲ್ಕನೆಯ ಹಂತ: ಡಿಸ್ಕು ಕಂಡರೂ ಬೇಡವೆಂದಿತೇ?

ಪಟ್ಟಿಯಲ್ಲಿ ಡಿಸ್ಕಿದೆ, ಆದರೆ ಇದರ ಮೇಲೆ ವಿಂಡೋಸ್ ಹಾಕಲಾಗದು ಎನ್ನುತ್ತದೆ. ಇಲ್ಲಿ ಪಾರ್ಟಿಷನ್ ಎಂಬ ಮಾತು ಬರುತ್ತದೆ. ಹಾಗೆಂದರೆ ಡಿಸ್ಕಿನ ಪೋಡಿ ಎಂದು ತಿಳಿಯಿರಿ. ಜಮೀನಿಗೆ ಹಿಸ್ಸೆಯ ದಾಖಲೆ ಇರುವಂತೆ ಡಿಸ್ಕಿಗೂ ಇದೆ. ಹಳೆಯ ಕ್ರಮದ ದಾಖಲೆಗೆ ಎಂಬಿಆರ್ ಎಂದೂ ಹೊಸ ಕ್ರಮದ್ದಕ್ಕೆ ಜಿಪಿಟಿ ಎಂದೂ ಹೆಸರು. ಯಂತ್ರ ಯುಇಎಫ್‌ಐ ಕ್ರಮದಲ್ಲಿ ಎದ್ದಿದ್ದರೆ ವಿಂಡೋಸ್ ಜಿಪಿಟಿ ದಾಖಲೆಯನ್ನೇ ಕೇಳುತ್ತದೆ. ಹಳೆಯ ಕ್ರಮದಲ್ಲಿ ಎದ್ದಿದ್ದರೆ ಎಂಬಿಆರ್ ಕೇಳುತ್ತದೆ. ಎರಡೂ ಹೊಂದದಿದ್ದಾಗ ಈ ಜಗಳ. ಯುಇಎಫ್‌ಐ ಎಂದಿರುವುದನ್ನೇ ಆರಿಸಿ ಎಂದು ಹೇಳಿದ್ದು ಇದಕ್ಕಾಗಿ. ಬೇರೆಡೆ ಬಳಸಿದ ಡಿಸ್ಕು ತಂದಾಗ ಇದು ಹೆಚ್ಚು.

ಇದಕ್ಕೆ ಪರಿಹಾರ ಸುಲಭ, ಆದರೆ ಅಪಾಯವೂ ಇಲ್ಲಿಯೇ. ಆ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನು ಅಳಿಸಿ, ಖಾಲಿ ಜಾಗವನ್ನು ಆರಿಸಿ ಮುಂದೆ ಹೋದರೆ ವಿಂಡೋಸ್ ತಾನೇ ಹೊಸ ಪೋಡಿ ಮಾಡಿಕೊಳ್ಳುತ್ತದೆ. ಅಳಿಸುವಾಗ ಹಳೆಯ ಡಿಸ್ಕೂ ಜೋಡಣೆಯಲ್ಲಿದ್ದು ಕೈ ತಪ್ಪಿ ಅದನ್ನೇ ಅಳಿಸಿದರೆ ವರ್ಷಗಳ ಲೆಕ್ಕ ಕ್ಷಣದಲ್ಲಿ ಹೋಗುತ್ತದೆ. ಆದುದರಿಂದ ಈ ಕೆಲಸಕ್ಕೆ ಕೂರುವಾಗ ಹೊಸ ಡಿಸ್ಕು ಮತ್ತು ಪೆನ್‌ಡ್ರೈವ್ ಬಿಟ್ಟು ಬೇರೆಲ್ಲವನ್ನೂ ಕಳಚಿ ದೂರವಿಡಿ.

ಐದನೆಯ ಹಂತ: ನಡುವೆ ನಿಂತಿತೇ, ಸುತ್ತು ಹೊಡೆಯಿತೇ?

ಕಡತಗಳು ಇಳಿದು, ಯಂತ್ರ ಒಮ್ಮೆ ಆರಿ ಎದ್ದು, ಮತ್ತೆ ಮೊದಲ ಪುಟವೇ ಬಂದರೆ ಕೆಲಸ ಕೆಟ್ಟಿತೆಂದಲ್ಲ. ಯಂತ್ರ ಪುನಃ ಪೆನ್‌ಡ್ರೈವಿನಿಂದ ಎದ್ದಿದೆ. ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಹೊತ್ತಿಸಿ, ಹೊಸ ಡಿಸ್ಕಿನಿಂದ ಕೆಲಸ ಮುಂದುವರಿಯುತ್ತದೆ. ನಕಲಾಗುವಾಗಲೇ ನಡುವೆ ನಿಂತರೆ ಬೇರೆ ಪೆನ್‌ಡ್ರೈವಿನಲ್ಲಿ ಹೊಸದಾಗಿ ಸಿದ್ಧಪಡಿಸಿ ನೋಡಿ. ಎರಡನೆಯದರಲ್ಲಿಯೂ ನಿಂತರೆ ಆಗ ಡಿಸ್ಕನ್ನೂ ರ‍್ಯಾಮನ್ನೂ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಬರುವುದಿಲ್ಲ. ಆದ್ದರಿಂದ ಬ್ಯಾಟರಿ ಪೂರ್ತಿ ತುಂಬಿಸಿಕೊಂಡೇ ಕುಳಿತುಕೊಳ್ಳಿ.

"ಈ ಕಂಪ್ಯೂಟರಿನಲ್ಲಿ ವಿಂಡೋಸ್ 11 ನಡೆಯದು" ಎಂದು ಬಂದರೆ ಅದು ಸಾಮಾನ್ಯವಾಗಿ ಹೊಸ ಡಿಸ್ಕಿನ ದೋಷವಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮು, 64 ಜಿಬಿ ಡಿಸ್ಕು ಅಲ್ಲದೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ, ಒಪ್ಪಿತ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಟಿಪಿಎಂ ಇದ್ದೂ ಬಯೋಸಿನಲ್ಲಿ ಮುಚ್ಚಿರುವುದುಂಟು; ಅಲ್ಲಿ ನೋಡಿ ತೆರೆಯಿರಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವುಳ್ಳವರು ಲಿನಕ್ಸ್ ಮಿಂಟ್, ಉಬುಂಟು ಮುಂತಾದ ಉಚಿತ ವ್ಯವಸ್ಥೆಗಳನ್ನು ಹಾಕಿಕೊಳ್ಳಬಹುದು. ಇವನ್ನು ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಲೂ ಬರುತ್ತದೆ.

ಕೂತ ಮೇಲೆ

ವಿಂಡೋಸಿನ ಕೀಲಿ ಸಂಖ್ಯೆ ಕೇಳಿದರೆ "ನನ್ನ ಬಳಿ ಇಲ್ಲ" ಎಂಬುದನ್ನು ಆರಿಸಿ. ವಿಂಡೋಸ್ 8 ಇಲ್ಲವೆ ಅದರ ಮುಂದಿನದನ್ನು ಹಾಕಿಯೇ ಮಾರಿದ ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಯಂತ್ರದ ಒಳಗೇ ಇರುತ್ತದೆ. ಡಿಸ್ಕು ಬದಲಾದರೂ ಅದು ಹೋಗದು. ಮೊದಲಿದ್ದದ್ದು ಹೋಮ್ ಆದರೆ ಹೋಮನ್ನೇ ಹಾಕಬೇಕು, ಅಷ್ಟೆ. ಕಳ್ಳ ಪ್ರತಿಗೆ ಹಣ ಕೊಡುವ ಅಗತ್ಯವಿಲ್ಲ.

ವೈಫೈ ಸಿಗದಿದ್ದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್‌ನೆಟ್ ಕೊಡಿ, ಅನಂತರ ವೈಫೈ ಡ್ರೈವರ್ ಇಳಿಸಿಕೊಳ್ಳಿ. ತಾರೀಖು ಸರಿಯಿದೆಯೇ ನೋಡಿ. ತಪ್ಪಿದ್ದರೆ ಅನೇಕ ಜಾಲತಾಣಗಳು ತೆರೆಯವು. ಸಂಘದ ಹಳೆಯ ಕನ್ನಡ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಅವು ಹಾಳಾದವೆಂದು ಅಳಿಸಿಬಿಡಬೇಡಿ. ನುಡಿಯ ಹಳೆಯ ಅಕ್ಷರಗಳಲ್ಲಿ ಬರೆದಿದ್ದಾಗ ಹೀಗಾಗುತ್ತದೆ. ನುಡಿ ತಂತ್ರಾಂಶವನ್ನೂ ಅದರ ಫಾಂಟುಗಳನ್ನೂ ಹಾಕಿದರೆ ಕನ್ನಡ ಮತ್ತೆ ಕಾಣುತ್ತದೆ.

ಬಂಧುಗಳೇ, ನೆನಪಿಡಬೇಕಾದುದು ಇಷ್ಟೆ:

1. ಹಳೆಯ ಡಿಸ್ಕು ಜೋಪಾನ.
2. ಪರದೆಯ ಮೇಲೆ ಬಂದ ಬರಹವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಬಲ್ಲವರನ್ನು ಕೇಳುವಾಗ ಅದನ್ನೇ ತೋರಿಸಿ.
3. ಯಾವ ಹಂತದಲ್ಲಿ ನಿಂತಿತೆಂದು ಗುರುತಿಸದೆ ಏನನ್ನೂ ಕೊಳ್ಳಬೇಡಿ.
4. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ.
5. ಲೆಕ್ಕದ ಎರಡು ನಕಲು ಇಡಿ. ಒಂದು ಕಚೇರಿಯಲ್ಲಿ, ಒಂದು ಬೇರೆ ಕಡೆ.

ಬಿತ್ತನೆಯ ಬೀಜವನ್ನು ತಿನ್ನುವ ಕಾಳಿನಿಂದ ಬೇರೆಯಾಗಿ ಎತ್ತಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸಂಘದ ಲೆಕ್ಕವೂ ಅಂತಹ ಬೀಜವೇ. ಇದರ ಡಿಸ್ಕೂ ಒಂದು ದಿನ ಹೋಗುವಂಥದೇ. ನಕಲು ಇದ್ದವರಿಗೆ ಆ ದಿನ ಒಂದು ದಿನದ ಕೆಲಸ ಕೆಡುತ್ತದೆ, ಇಲ್ಲದವರಿಗೆ ಇಡೀ ಊರಿನ ಲೆಕ್ಕ ಕೆಡುತ್ತದೆ. ನಕಲು ಮಾಡದವರು ಈ ವಾರದಲ್ಲಿಯೇ ಮಾಡಿಕೊಳ್ಳಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.