ಹಾಲು ತಣಿಸುವ ತೊಟ್ಟಿಯ ಶುಚಿ
(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಉಪನ್ಯಾಸ)



ಮಳೆ ಕೈಕೊಟ್ಟ ವರ್ಷದಲ್ಲಿ ಈ ಸೀಮೆಯ ಅನೇಕ ಮನೆಗಳಿಗೆ ಹಾಲೇ ಆಧಾರ. ಆಗ ತಾನೇ ಕರೆದ ಹಾಲು ಸುಮಾರು 38 ಡಿಗ್ರಿ ಬೆಚ್ಚಗಿರುವುದು. ಅದನ್ನು ಬೇಗನೆ 4 ಡಿಗ್ರಿಗೆ ಇಳಿಸಿದರೆ ಹುಳಿಸುವ ಸೂಕ್ಷ್ಮಜೀವಿಗಳ ಬೆಳವಣಿಗೆ ತಗ್ಗುವುದು. ಆದರೆ ಸಂಘದ ಬಲ್ಕ್ ಕೂಲರ್ ತೊಟ್ಟಿಯೇ ಕೊಳೆಯಾಗಿದ್ದರೆ ಒಂದು ಮನೆಯದಲ್ಲ, ಊರ ಹಾಲೆಲ್ಲವೂ ಕೆಡುವುದು.

ತೊಟ್ಟಿ ಬರಿದಾದ ಕೂಡಲೇ ಉಗುರುಬೆಚ್ಚಗಿನ ನೀರಿನಿಂದ ತೊಳೆಯತಕ್ಕದ್ದು. ಮೊದಲೇ ಕುದಿನೀರು ಸುರಿದರೆ ಹಾಲಿನ ಸಾರವು ಲೋಹಕ್ಕೆ ಅಂಟುವುದು. ತಣ್ಣೀರಾದರೆ ಜಿಡ್ಡು ಗಟ್ಟಿಯಾಗುವುದು. ಬಳಿಕ ಒಗೆಯುವ ಸೋಡಾ ಬೆರೆಸಿದ ಬಿಸಿನೀರು ಹಾಕಿ ಮೃದುವಾದ ಬ್ರಷ್ಷಿನಿಂದ ಉಜ್ಜಿ, ಶುದ್ಧಜಲದಿಂದ ತೊಳೆದು, ನೀರು ಬಸಿದುಹೋಗಲು ಬಿಡತಕ್ಕದ್ದು. ನಲ್ಲಿ, ಮುಚ್ಚಳದ ರಬ್ಬರು, ಹಾಲು ಕಲಕುವ ಅಲಗು ಇವುಗಳನ್ನು ಮರೆಯಬಾರದು. ಉಕ್ಕಿನ ನಾರನ್ನು ತಾಗಿಸಕೂಡದು. ಅದರ ಗೀರುಗಳಲ್ಲಿ ಕೊಳೆ ನೆಲೆಸುವುದು.

ಗಡಸು ನೀರಿನ ಕೊಳವೆಬಾವಿಯುಳ್ಳ ಊರುಗಳಲ್ಲಿ ನೀರಿನ ಸುಣ್ಣವೂ ಹಾಲಿನ ಲವಣವೂ ಸೇರಿ ಬಿಳಿಯ ಹಕ್ಕಳೆ ಕಟ್ಟುವುದು. ಅದು ಸೋಡಾದಿಂದ ಬಿಡದು. ವಾರಕ್ಕೊಮ್ಮೆ, ಅದಕ್ಕೆಂದೇ ಮಾರುವ ಆಮ್ಲದ್ರಾವಣ ಬೇಕು. ಆಮ್ಲವನ್ನು ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಬೆರೆಸಬಾರದು. ವಿಷವಾಯು ಹುಟ್ಟಿ ಪ್ರಾಣಾಪಾಯವಾದೀತು. ವಿದ್ಯುತ್ತನ್ನು ನಿಲ್ಲಿಸಿ ಯಂತ್ರದ ಹೊರಜಾಲರಿಯ ಧೂಳನ್ನೂ ತೆಗೆಯಿರಿ. ಧೂಳು ಕಟ್ಟಿದರೆ ಖರ್ಚು ಹೆಚ್ಚಿ, ಹಾಲು ತಡವಾಗಿ ತಣಿಯುವುದು.

ಗ್ರಾಮದ ಮುಖಂಡರು ಈ ಕೆಲಸವನ್ನು ಒಬ್ಬರ ಹೊಣೆಗೆ ಒಪ್ಪಿಸಿ, ಆಗಾಗ್ಗೆ ತಾವೇ ಮುಚ್ಚಳವೆತ್ತಿ ನೋಡಬೇಕೆಂದು ನನ್ನ ಅರಿಕೆ.